ಅಕ್ಷರ ಸರಿಯಿದೆ, ದಾರ ಗಂಟಾಗಿದೆ

ಮಾತು ಶುರು ಮಾಡುವ ಮೊದಲು ಸಭೆಯಲ್ಲಿ ಒಂದು ದಾರ ತೋರಿಸಿದ್ದೆ. ಬರಹದಲ್ಲಿ ಅದು ಆಗುವುದಿಲ್ಲ, ನೀವೇ ಒಂದು ದಾರ ಹುಡುಕಿಕೊಳ್ಳಿ. ಎರಡೂ ತುದಿ ಹಿಡಿದು ಹುರಿ ಹಾಕುತ್ತಾ ಹೋಗಿ. ಮೊದಮೊದಲು ಅದು ಸುಮ್ನೆ ಬಿಗಿಯಾಗುತ್ತದೆ. ಆಮೇಲೆ ಕೈಗಳನ್ನು ಒಂದು ಚೂರು ಹತ್ತಿರ ತನ್ನಿ. ನಡುವೆ ದಾರ ತನ್ನನ್ನು ತಾನೇ ಸುತ್ತಿಕೊಂಡು ಪುಟ್ಟ ಕುಣಿಕೆಯಾಗಿ ಎದ್ದು ನಿಲ್ಲುತ್ತದೆ. ನಮ್ಮ ಡಿಎನ್‌ಎ ದಾರದಲ್ಲೂ ಇಂಥ ಕುಣಿಕೆ ಏಳುತ್ತದೆ, ನರ-ಮೆದುಳಿನ ಕೆಲವು ರೋಗಗಳ ಬೇರು ಅಲ್ಲಿದೆ. ಇವತ್ತಿನ ಮಾತೆಲ್ಲ ಆ ಕುಣಿಕೆಯ ಸುತ್ತ.

ಡಿಎನ್‌ಎ ಅಂದ ಕೂಡಲೇ ಪುಸ್ತಕದ ಹೋಲಿಕೆ ಬಂದುಬಿಡುತ್ತದೆ. ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರ, ಅದರಲ್ಲಿ ಬರೆದ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ನಾನೂ ಎಷ್ಟೋ ಸಲ ಹೀಗೇ ಹೇಳಿದ್ದೇನೆ. ಹೋಲಿಕೆ ಕೆಟ್ಟದ್ದೇನಲ್ಲ. ಆದರೆ ಪುಸ್ತಕದ ಅಕ್ಷರ ಹಾಳೆಗೆ ಅಂಟಿಕೊಂಡು ತೆಪ್ಪಗಿರುತ್ತದೆ. ಡಿಎನ್‌ಎ ಅಕ್ಷರ ಹಾಗಲ್ಲ. ಅದು ಜೀವಕೋಶದೊಳಗಿನ ಉಪ್ಪುನೀರಿನಲ್ಲಿ ಸದಾ ಅಲುಗಾಡುವ ದಾರದ ಮೇಲೆ ಕೂತಿದೆ. ಆ ದಾರಕ್ಕೆ ಎರಡು ಎಳೆ. ಎದುರಿನ ಎಳೆಯಲ್ಲಿ ತನ್ನ ಜೋಡಿ (ಎಗೆ ಟಿ, ಜಿಗೆ ಸಿ) ಸಿಕ್ಕರೆ ಅದರ ಕೈ ಹಿಡಿಯುತ್ತದೆ. ಎಳೆಗಳು ಬಿಚ್ಚಿಕೊಂಡಾಗ, ಜೋಡಿ ದೂರವಾದಾಗ, ತನ್ನದೇ ಎಳೆಯಲ್ಲಿ ಹತ್ತಿರ ಸಿಕ್ಕವರ ಕೈಯನ್ನೂ ಹಿಡಿದುಬಿಡುತ್ತದೆ.

ಹೆಚ್ಚಿನ ಕಡೆ ಹೀಗೆ ಹಿಡಿದ ಕೈ ಬೇಗ ಬಿಟ್ಟುಹೋಗುತ್ತದೆ. ಅಕ್ಕಪಕ್ಕದ ಅಕ್ಷರಗಳು ಹೊಂದಿಕೆಯಾಗುವುದಿಲ್ಲ. ಆದರೆ ಡಿಎನ್‌ಎಯಲ್ಲಿ ಕೆಲವು ಜಾಗಗಳಿವೆ. ಅಲ್ಲಿ ಹಾಡಿದ್ದೇ ಹಾಡೋ ಕಿಸಬಾಯಿದಾಸನ ಥರ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಸಿಎಜಿ, ಸಿಎಜಿ, ಸಿಎಜಿ. ಇಂಥ ಪುನರಾವರ್ತನೆ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಇರುವುದು ರೋಗವಲ್ಲ. ಒಂದು ಮಿತಿ ದಾಟಿ ಉದ್ದವಾದರೆ ಮಾತ್ರ ತೊಂದರೆ. ಹೀಗೆ ಉದ್ದವಾಗಿ ಬರುವ ರೋಗಗಳು ಈಗ ಐವತ್ತರ ಆಸುಪಾಸು ಗೊತ್ತಿವೆ. ಬಹುಪಾಲು ನರಕ್ಕೆ, ಮೆದುಳಿಗೆ, ಇಲ್ಲವೇ ಸ್ನಾಯುವಿಗೆ ಸಂಬಂಧಿಸಿದವು.

ಎಲ್ಲರಿಗೂ ಹೆಸರು ಕೇಳಿ ಗೊತ್ತಿರುವುದು ಹಂಟಿಂಗ್ಟನ್ ರೋಗ. ಮೈಕೈ ಹಿಡಿತ ತಪ್ಪಿ ತಾನಾಗೇ ಕುಣಿಯುವ, ಬುದ್ಧಿಯೂ ಕುಂದುತ್ತಾ ಹೋಗುವ ಮೆದುಳಿನ ರೋಗ. 1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಅನ್ನುವ ಅಮೆರಿಕದ ವೈದ್ಯ ಇದನ್ನು ಬರೆದಿಟ್ಟಾಗ ಅವನಿಗೆ 22 ವರ್ಷ. ಅವನ ಅಪ್ಪ, ಅಜ್ಜ ಇಬ್ಬರೂ ಡಾಕ್ಟರು. ಮೂರು ತಲೆಮಾರು ಒಂದೇ ಊರಿನ ಕುಟುಂಬಗಳನ್ನು ನೋಡಿದ್ದರಿಂದ ರೋಗ ಅಪ್ಪ-ಅಮ್ಮನಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆ ಅನ್ನುವುದು ಅವನಿಗೆ ಸ್ಪಷ್ಟವಾಗಿ ಕಂಡಿತ್ತು. ಕಾರಣವಾದ ಜೀನ್ ಸಿಕ್ಕಿದ್ದು ಮಾತ್ರ 1993ರಲ್ಲಿ. ಅಲ್ಲಿ ಕಂಡದ್ದು ಇಷ್ಟೇ: ಸಿಎಜಿ ತುಣುಕು 35 ಸಲ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರೋಗವಿಲ್ಲ. 36ರಿಂದ 39 ಇದ್ದರೆ ಬರಬಹುದು, ಬರದೆಯೂ ಇರಬಹುದು. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪೂರ್ತಿ ಆಯುಷ್ಯ ಬದುಕಿದರೆ, ಬಂದೇ ಬರುತ್ತದೆ.

ಈ ಅಂಕಿ ನೋಡಿ ನಿಮಗೇನೂ ವಿಚಿತ್ರ ಅನ್ನಿಸಲಿಲ್ವಾ? 35 ಇದ್ದವರು ಆರಾಮ. 40 ಇದ್ದವರಿಗೆ ರೋಗ. ಬರೀ ಐದು ತುಣುಕು, ಅಂದರೆ 15 ಅಕ್ಷರ. 300 ಕೋಟಿಯಲ್ಲಿ 15. ಅದೂ ಹೊಸ ಅಕ್ಷರವಲ್ಲ, ಅದೇ ಹಳೇ ಸಿಎಜಿ. ಪುಸ್ತಕ ಅಂದುಕೊಂಡರೆ ಇದಕ್ಕೆ ಅರ್ಥವೇ ಇಲ್ಲ. ದಾರ ಅಂದುಕೊಂಡರೆ ಇದೆ.

ಆದರೆ ಮೊದಲು ಒಂದು ಹಳೇ ಜಗಳ ಹೇಳಬೇಕು, ಯಾಕಂದ್ರೆ ನನಗೆ ಅದು ಇಷ್ಟ. ಸ್ನಾಯು ಬಿಗಿದುಕೊಳ್ಳುವ ಮಯೋಟಾನಿಕ್ ಡಿಸ್ಟ್ರೋಫಿ ಅನ್ನುವ ಇನ್ನೊಂದು ರೋಗವಿದೆ. ಅದು ಒಂದೊಂದು ತಲೆಮಾರಿಗೂ ಮುಂಚೆ ಬರುತ್ತದೆ, ಜಾಸ್ತಿ ಜೋರಾಗಿ ಬರುತ್ತದೆ ಎಂದು 1918ರಲ್ಲೇ ಬ್ರೂನೋ ಫ್ಲೈಷರ್ ಅನ್ನುವ ಕಣ್ಣಿನ ವೈದ್ಯ ಗಮನಿಸಿದ್ದ. ಅಜ್ಜನಿಗೆ ಬರೀ ಕಣ್ಣಿನ ಪೊರೆ. ಮಗಳಿಗೆ ನಡುವಯಸ್ಸಿನಲ್ಲಿ ಸ್ನಾಯು ತೊಂದರೆ. ಮೊಮ್ಮಗುವಿಗೆ ಹುಟ್ಟುವಾಗಲೇ ಕಷ್ಟ. 1948ರಲ್ಲಿ ಲಯನೆಲ್ ಪೆನ್ರೋಸ್ ಅನ್ನುವ ದೊಡ್ಡ ತಳಿವಿಜ್ಞಾನಿ ಇದು ಲೆಕ್ಕದ ಭ್ರಮೆ ಅಂದುಬಿಟ್ಟರು. ಅವರ ವಾದ ದಡ್ಡತನದ್ದಲ್ಲ. ಆಸ್ಪತ್ರೆಗೆ ಮೊದಲು ಬರುವುದು ಜೋರಾಗಿ ಕಾಯಿಲೆಯಾದ ಮಗು. ಅಲ್ಲಿಂದ ಹಿಂದಕ್ಕೆ ಹುಡುಕಿದಾಗ ಸಿಗುವುದು ಮಕ್ಕಳನ್ನು ಹೆರುವಷ್ಟಾದರೂ ಆರೋಗ್ಯವಿದ್ದ ಹಿರಿಯರು. ಹಾಗಾಗಿ ಹಿರಿಯರು ಗಟ್ಟಿ, ಕಿರಿಯರು ದುರ್ಬಲ ಅಂತ ಕಂಡೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ತಲೆಮಾರಿನಿಂದ ತಲೆಮಾರಿಗೆ ಬದಲಾಗುವ ಜೀನ್ ಅನ್ನುವುದೇ ಆಗ ಯಾರ ತಲೆಗೂ ಹೋಗುತ್ತಿರಲಿಲ್ಲ. ಜೀನ್ ಕೆಟ್ಟರೆ ಕೆಟ್ಟ ಹಾಗೇ ಇಳಿಯಬೇಕು, ಅಲ್ವಾ? ನಾಲ್ಕು ದಶಕ ವೈದ್ಯರು ಕಣ್ಣಾರೆ ಕಂಡದ್ದನ್ನು ಬಾಯಿಬಿಟ್ಟು ಹೇಳಲು ಹಿಂಜರಿದರು. 1992ರಲ್ಲಿ ಆ ರೋಗದ ಜೀನ್ ಸಿಕ್ಕಿತು. ಸಿಟಿಜಿ ಅನ್ನುವ ತುಣುಕು ಅಲ್ಲಿ ಪ್ರತಿ ತಲೆಮಾರಿಗೂ ಉದ್ದವಾಗುತ್ತಿತ್ತು. ಐವತ್ತು ಇದ್ದದ್ದು ನೂರಾರು, ಕೆಲವರಲ್ಲಿ ಸಾವಿರ ದಾಟಿತ್ತು. ಫ್ಲೈಷರ್ ಕಂಡದ್ದು ಸರಿಯೇ ಇತ್ತು.

ಹಾಗಾದರೆ ಅದು ಬೆಳೆಯುವುದು ಯಾಕೆ? ಇಲ್ಲಿಂದ ಆಕಾರದ ಕಥೆ ಶುರು.

ಒಂದು ಹಾಳೆಯಲ್ಲಿ ಸಿಎಜಿ ಸಿಎಜಿ ಸಿಎಜಿ ಅಂತ ಹತ್ತಿಪ್ಪತ್ತು ಸಲ ಒಂದೇ ಸಾಲಿನಲ್ಲಿ ಬರೆಯಿರಿ. ಈಗ ಆ ಸಾಲನ್ನು ನಡುವೆ ಬಗ್ಗಿಸಿ, ಒಂದು ಅರ್ಧ ಇನ್ನೊಂದು ಅರ್ಧದ ಪಕ್ಕದಲ್ಲಿ ಬರುವ ಹಾಗೆ ಮಡಚಿ. ತಲೆಗೆ ಸಿಕ್ಕಿಸುವ ಹೇರ್‌ಪಿನ್ ಆಕಾರ ಬರುತ್ತದೆ. ಯಾರ ಎದುರು ಯಾರು ಬಂದರು ನೋಡಿ. ಸಿ ಎದುರು ಜಿ. ಒಳ್ಳೇ ಜೋಡಿ. ಎ ಎದುರು ಎ. ಇದು ಜೋಡಿಯಲ್ಲ. ಜಿ ಎದುರು ಸಿ. ಮತ್ತೆ ಒಳ್ಳೇ ಜೋಡಿ. ಮೂರರಲ್ಲಿ ಎರಡು ಕೈ ಗಟ್ಟಿಯಾಗಿ ಹಿಡಿದಿವೆ, ಒಂದು ಜೋಲಾಡುತ್ತಿದೆ. ಸಿಟಿಜಿ ಬರೆದರೆ ಟಿ ಎದುರು ಟಿ ಜೋಲಾಡುತ್ತದೆ. ಸಿಜಿಜಿ ಬರೆದರೆ ಜಿ ಎದುರು ಜಿ. ಪ್ರತಿ ಸಲವೂ ಮೂರರಲ್ಲಿ ಎರಡು ಜೋಡಿ ಸರಿ. ಈ ಮೂರೂ ತುಣುಕುಗಳು ಬೇರೆಬೇರೆ ಜೀನ್‌ಗಳಲ್ಲಿ ರೋಗ ತರುತ್ತವೆ. ಇವು ಹೇರ್‌ಪಿನ್ ಥರ ಮಡಚಿಕೊಳ್ಳುತ್ತವೆ ಎಂದು ಸಿಂಥಿಯಾ ಮ್ಯಾಕ್‌ಮರ್ರೆ ಅವರ ತಂಡ 1995ರಲ್ಲಿ ಪರೀಕ್ಷಾ ನಳಿಕೆಯಲ್ಲಿ ತೋರಿಸಿತು. ಎಂಥ ತುಣುಕು ಬೇಕಾದರೂ ಬೆಳೆದು ರೋಗ ತರುವುದಿಲ್ಲ. ಮಡಚಿಕೊಳ್ಳಬಲ್ಲವು ತರುತ್ತವೆ. ಆ ಕಾಲಕ್ಕೆ ಇದು ದೊಡ್ಡ ಸುಳಿವು.

ಉದ್ದದ ಮಿತಿಯೂ ಇಲ್ಲಿಂದ ಸ್ವಲ್ಪ ಅರ್ಥವಾಗುತ್ತದೆ. ಗಿಡ್ಡ ಸಾಲು ಮಡಚಿದರೂ ಹಿಡಿತ ಸಾಲದು, ತಕ್ಷಣ ಬಿಚ್ಚಿಕೊಂಡು ಎದುರಿನ ಎಳೆಗೇ ವಾಪಸ್ ಹೋಗುತ್ತದೆ. ಉದ್ದ ಸಾಲಿನಲ್ಲಿ ಹಿಡಿದ ಕೈಗಳು ಜಾಸ್ತಿ. ಒಮ್ಮೆ ಮಡಚಿದರೆ ಹಾಗೇ ಉಳಿಯುತ್ತದೆ. ಮಡಚಲು ಅವಕಾಶ ಬೇಕು ಅಷ್ಟೇ, ಅಂದರೆ ಎರಡು ಎಳೆ ಬಿಚ್ಚಬೇಕು. ಜೀನ್ ಓದುವಾಗ, ನಕಲು ಮಾಡುವಾಗ, ದುರಸ್ತಿ ಮಾಡುವಾಗ, ಹೀಗೆ ದಿನವಿಡೀ ಅದು ಬಿಚ್ಚುತ್ತಲೇ ಇರುತ್ತದೆ.

ಬಹಳ ಕಾಲ ಎಲ್ಲರೂ ನಕಲು ಮಾಡುವ ಹಂತವನ್ನೇ ಅನುಮಾನಿಸಿದರು. ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಾಗಬೇಕು. ನಕಲು ಮಾಡುವ ಎಂಜೈಮ್ ಗಂಟಿಗೆ ಸಿಕ್ಕಿ ಎಡವುತ್ತದೆ, ಜಾರುತ್ತದೆ, ಒಂದೆರಡು ತುಣುಕು ಜಾಸ್ತಿ ಬರೆಯುತ್ತದೆ. ಇದು ನಡೆಯುವುದು ನಿಜ. ಆದರೆ ಮೆದುಳಿನ ವಿಷಯದಲ್ಲಿ ಇದು ಸಾಲುವುದಿಲ್ಲ. ದೊಡ್ಡವರ ನರಕೋಶ ಎರಡಾಗುವುದೇ ಇಲ್ಲ. ಹುಟ್ಟಿದಾಗ ಇದ್ದ ಕೋಶವೇ ಎಂಬತ್ತು ವರ್ಷ ದುಡಿಯಬೇಕು. ಹಾಗಿದ್ದರೂ ಹಂಟಿಂಗ್ಟನ್ ರೋಗದಲ್ಲಿ ಸತ್ತವರ ಮೆದುಳು ನೋಡಿದಾಗ, ರೋಗ ಮೊದಲು ಹಿಡಿಯುವ ಸ್ಟ್ರಯೇಟಮ್ ಅನ್ನುವ ಭಾಗದ ಕೆಲವು ಕೋಶಗಳಲ್ಲಿ ಸಿಎಜಿ ಸಂಖ್ಯೆ ನೂರಾರಕ್ಕೆ ಏರಿರುವುದು 2003ರಲ್ಲಿ ಕಂಡಿತು. ಅದೇ ಮನುಷ್ಯನ ರಕ್ತದಲ್ಲಿ ಹುಟ್ಟಿದಾಗಿನ ಸಂಖ್ಯೆಯ ಹತ್ತಿರವೇ ಇರುತ್ತದೆ. ಎರಡಾಗದ ಕೋಶದಲ್ಲಿ ದಾರ ಉದ್ದವಾಗುವುದು ಹೇಗೆ?

ಉತ್ತರ ಕೇಳಿದರೆ ಬೇಜಾರಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಉದ್ದ ಮಾಡುವುದು ರಿಪೇರಿ ಮಾಡುವವರೇ.

ನಮ್ಮ ಕೋಶದಲ್ಲಿ ಡಿಎನ್‌ಎ ತಪ್ಪು ಹುಡುಕಿ ಸರಿ ಮಾಡುವ ಒಂದು ತಂಡವಿದೆ. ಅದರಲ್ಲಿ ಎಂಎಸ್‌ಎಚ್2 ಮತ್ತು ಎಂಎಸ್‌ಎಚ್3 ಅನ್ನುವ ಎರಡು ಪ್ರೋಟೀನ್ ಜೋಡಿಯಾಗಿ ಗಸ್ತು ತಿರುಗುತ್ತವೆ. ಎಲ್ಲಿ ಒಂದು ಎಳೆ ಕುಣಿಕೆಯಾಗಿ ಹೊರಗೆ ಚಾಚಿದೆಯೋ ಅಲ್ಲಿ ಹೋಗಿ ಹಿಡಿಯುವುದು ಇವುಗಳ ಕೆಲಸ. ಕುಣಿಕೆ ಅಂದರೆ ನಕಲಿನಲ್ಲಿ ತಪ್ಪಾಗಿದೆ ಅಂತ ಅರ್ಥ, ಕತ್ತರಿಸಿ ತೆಗೆಯಬೇಕು. ಸಾಮಾನ್ಯವಾಗಿ ಒಳ್ಳೇ ಕೆಲಸವೇ. ಆದರೆ ಸಿಎಜಿ ಕುಣಿಕೆಯ ಬಳಿ ಬಂದಾಗ ಲೆಕ್ಕ ತಪ್ಪುತ್ತದೆ. ಜೋಡಿ ಕುಣಿಕೆಯನ್ನು ಹಿಡಿಯುತ್ತದೆ, ಎಂಎಲ್‌ಎಚ್ ಅನ್ನುವ ಸಹಾಯಕರನ್ನು ಕರೆಯುತ್ತದೆ. ಆ ಸಹಾಯಕರ ಕತ್ತರಿ ಕುಣಿಕೆಯ ಮೇಲೆ ಬೀಳದೆ ಎದುರಿನ ಎಳೆಯ ಮೇಲೆ ಬೀಳುತ್ತದೆ. ಅಲ್ಲಿ ಬಿರುಕು. ಬಿರುಕು ತುಂಬಬೇಕು ಅಂದರೆ ಎದುರಿಗೆ ನೋಡಿ ಬರೆಯಬೇಕು. ಎದುರಿಗೆ ಇರುವುದು ಕುಣಿಕೆ ಸೇರಿಸಿದ ಉದ್ದನೆಯ ಎಳೆ. ಬರೆದು ಮುಗಿಸುವಷ್ಟರಲ್ಲಿ ಎರಡೂ ಎಳೆ ಉದ್ದ. ಕುಣಿಕೆ ಮಾಯ, ತಪ್ಪು ಮಾತ್ರ ಶಾಶ್ವತ. ಒಂದು ಸಲಕ್ಕೆ ಒಂದೆರಡು ತುಣುಕು ಸೇರಬಹುದು. ಹೀಗೆ ವರ್ಷಗಟ್ಟಲೆ.

ಇದು ಬರೀ ಊಹೆಯಲ್ಲ. ಹಂಟಿಂಗ್ಟನ್ ಜೀನ್ ಸೇರಿಸಿದ ಇಲಿಗಳಲ್ಲಿ ಎಂಎಸ್‌ಎಚ್2 ತೆಗೆದುಹಾಕಿದರೆ ಮೆದುಳಿನಲ್ಲಿ ಸಿಎಜಿ ಬೆಳೆಯುವುದು ನಿಲ್ಲುತ್ತದೆ. ಇದು 1999ರಲ್ಲೇ ಗೊತ್ತಾಗಿತ್ತು. ಇನ್ನೂ ದೊಡ್ಡ ಸಾಕ್ಷಿ 2015ರಲ್ಲಿ ಮನುಷ್ಯರಿಂದಲೇ ಬಂತು. ಒಂದೇ ಸಿಎಜಿ ಸಂಖ್ಯೆ ಇದ್ದರೂ ಒಬ್ಬರಿಗೆ ರೋಗ ಬೇಗ, ಇನ್ನೊಬ್ಬರಿಗೆ ತಡವಾಗಿ ಬರುತ್ತದಲ್ಲ, ಅದಕ್ಕೆ ಕಾರಣವಾದ ಬೇರೆ ಜೀನ್‌ಗಳು ಯಾವುವು ಅಂತ ಸಾವಿರಾರು ಕುಟುಂಬದವರ ಡಿಎನ್‌ಎ ಜಾಲಾಡಿದರು. ಮೆದುಳಿನ ಜೀನ್ ಸಿಗಬಹುದು ಅಂತ ಬಹಳ ಜನ ಅಂದುಕೊಂಡಿದ್ದರು. ಎದ್ದು ಕಂಡದ್ದು ಡಿಎನ್‌ಎ ದುರಸ್ತಿಯ ಜೀನ್‌ಗಳು. ಅದರಲ್ಲೂ ಫ್ಯಾನ್1 ಅನ್ನುವುದು. ಅದು ಇದೇ ತಂಡದವರ ಕೈ ತಡೆಯುವ ಒಳ್ಳೇ ಮನುಷ್ಯ. ಫ್ಯಾನ್1 ಚುರುಕಾಗಿದ್ದರೆ ರೋಗ ತಡ.

2025ರ ಜನವರಿಯಲ್ಲಿ ಬಂದ ಒಂದು ಕೆಲಸ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಸತ್ತವರು ದಾನ ಕೊಟ್ಟ ಮೆದುಳಿನಲ್ಲಿ ಒಂದೊಂದೇ ನರಕೋಶ ತೆಗೆದು, ಅದರ ಸಿಎಜಿ ಎಷ್ಟು, ಅದರ ಜೀನ್‌ಗಳು ಸರಿಯಾಗಿ ಕೆಲಸ ಮಾಡುತ್ತಿವೆಯಾ ಅಂತ ಎರಡನ್ನೂ ಒಟ್ಟಿಗೆ ನೋಡಿದರು. ನಲವತ್ತು ಚಿಲ್ಲರೆ ಇಟ್ಟುಕೊಂಡು ಹುಟ್ಟಿದ ಕೋಶ ದಶಕಗಟ್ಟಲೆ ನಿಧಾನವಾಗಿ ಎಂಬತ್ತರ ತನಕ ಏರುತ್ತದೆ. ಆಮೇಲೆ ವೇಗ ಹಿಡಿಯುತ್ತದೆ. ಸುಮಾರು 150 ದಾಟುವ ತನಕ ಕೋಶ ಹೆಚ್ಚುಕಮ್ಮಿ ಆರೋಗ್ಯವಾಗೇ ಕಾಣುತ್ತದೆ. ದಾಟಿದ ಮೇಲೆ ಒಂದರ ಹಿಂದೆ ಒಂದು ಜೀನ್ ಹದಗೆಟ್ಟು ಕೋಶ ಸಾಯುತ್ತದೆ. ಅಂದರೆ ಹುಟ್ಟಿನಿಂದ ಬಂದ ನಲವತ್ತು ವಿಷವೇ ಅಲ್ಲ, ಅದು ವಿಷವಾಗುವ ದಾರಿಯ ಆರಂಭ. ಈ ಲೆಕ್ಕವನ್ನು ಎಲ್ಲರೂ ಪೂರ್ತಿ ಒಪ್ಪಿಲ್ಲ, ಸ್ವಲ್ಪ ಕಡಿಮೆ ಉದ್ದದ ಸಾಲೂ ನಿಧಾನವಾಗಿ ಹಾನಿ ಮಾಡುತ್ತದೆ ಅನ್ನುವವರಿದ್ದಾರೆ. ನನಗಂತೂ ರೋಗ ಯಾಕೆ ನಲವತ್ತನೇ ವಯಸ್ಸಿನ ತನಕ ಕಾಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ವಿವರಣೆ ಸಿಕ್ಕಿಲ್ಲ.

ಇಲ್ಲೇ ಹಿಂದಿನ ಸಾಲಿನಿಂದ ಒಬ್ಬರು ತಡೆದು ಕೇಳಿದರು: "ಆಕಾರ, ಆಕಾರ ಅಂತೀರಲ್ಲ, ಅಕ್ಷರ ಜಾಸ್ತಿ ಆದರೆ ಪ್ರೋಟೀನೂ ಉದ್ದ ಆಗತ್ತೆ. ಕೆಟ್ಟದ್ದು ಆ ಪ್ರೋಟೀನೇ ಯಾಕಾಗಿರಬಾರದು?" ಒಳ್ಳೇ ಪ್ರಶ್ನೆ. ಸಿಎಜಿ ಅಂದರೆ ಪ್ರೋಟೀನ್ ಭಾಷೆಯಲ್ಲಿ ಗ್ಲುಟಮಿನ್, ಅಂದರೆ ಪ್ರೋಟೀನ್ ಮಾಲೆಯ ಒಂದು ಮಣಿ, ಒಂದು ಅಮೈನೋ ಆಮ್ಲ. ನಲವತ್ತು ಸಿಎಜಿ ಇದ್ದರೆ ನಲವತ್ತು ಗ್ಲುಟಮಿನ್ ಸಾಲಾಗಿ ಬರುತ್ತದೆ, ಆ ಪ್ರೋಟೀನ್ ಗಡ್ಡೆ ಕಟ್ಟುತ್ತದೆ, ಹಾನಿಯನ್ನೂ ಮಾಡುತ್ತದೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಯಾವುದು ಗಡಿಯಾರ ಓಡಿಸುತ್ತದೆ ಅನ್ನುವುದನ್ನು ಬೇರೆ ಮಾಡಿ ನೋಡಲು ಪ್ರಕೃತಿಯೇ ಒಂದು ಪ್ರಯೋಗ ಮಾಡಿಟ್ಟಿದೆ.

ಗ್ಲುಟಮಿನ್ ಅನ್ನು ಸಿಎಜಿ ಅಂತಲೂ ಬರೆಯಬಹುದು, ಸಿಎಎ ಅಂತಲೂ ಬರೆಯಬಹುದು. ಪ್ರೋಟೀನಿಗೆ ಎರಡೂ ಒಂದೇ. ಹಂಟಿಂಗ್ಟನ್ ಜೀನಿನಲ್ಲಿ ಸಾಮಾನ್ಯವಾಗಿ ಸಿಎಜಿ ಸಾಲಿನ ಕೊನೆಗೆ ಒಂದು ಸಿಎಎ, ಮತ್ತೊಂದು ಸಿಎಜಿ ಇರುತ್ತದೆ. ಕೆಲವರಲ್ಲಿ ಆ ಸಿಎಎ ಇರುವುದಿಲ್ಲ, ಎಲ್ಲವೂ ಸಿಎಜಿಯೇ. ಇನ್ನು ಕೆಲವರಲ್ಲಿ ಸಿಎಎ ಎರಡು ಸಲ ಬರುತ್ತದೆ. ಈಗ ಒಂದೇ ಸಂಖ್ಯೆಯ ಗ್ಲುಟಮಿನ್ ಇರುವ ಇಬ್ಬರನ್ನು ತೆಗೆದುಕೊಳ್ಳಿ. ಪ್ರೋಟೀನ್ ಅಕ್ಷರಶಃ ಒಂದೇ. ಪ್ರೋಟೀನೇ ಗಡಿಯಾರವಾಗಿದ್ದರೆ ಇಬ್ಬರಿಗೂ ಒಂದೇ ವಯಸ್ಸಿನ ಆಸುಪಾಸಿನಲ್ಲಿ ರೋಗ ಬರಬೇಕು. ಬರುವುದಿಲ್ಲ. ಸಿಎಎ ಇಲ್ಲದವರಿಗೆ ಬೇಗ ಬರುತ್ತದೆ. 2019ರಲ್ಲಿ ಇದು ಸ್ಪಷ್ಟವಾಯಿತು: ವಯಸ್ಸನ್ನು ತೀರ್ಮಾನಿಸುವುದು ಗ್ಲುಟಮಿನ್ ಸಂಖ್ಯೆಯಲ್ಲ, ನಡುವೆ ತಡೆಯಿಲ್ಲದೆ ಸಾಗುವ ಸಿಎಜಿ ಸಾಲಿನ ಉದ್ದ. ಓದಿದರೆ ವ್ಯತ್ಯಾಸ ಇಲ್ಲ, ಮಡಚಿದರೆ ಇದೆ. ಸಿಎಎ ಬಂದ ಕಡೆ ಜಿ ಬದಲು ಎ ಕೂತಿರುತ್ತದೆ, ಹೇರ್‌ಪಿನ್‌ನಲ್ಲಿ ಒಂದು ಕೈ ತಪ್ಪುತ್ತದೆ. ಈ ಒಂದು ಅಕ್ಷರದ ಅಡ್ಡಿ ಒಂದು ಕುಟುಂಬಕ್ಕೆ ಎಷ್ಟೋ ವರ್ಷದ ಆರೋಗ್ಯ ಕೊಡಬಹುದು.

ಇಂಥ ಅಡ್ಡಿಗಳು ಬೇರೆ ಕಡೆಯೂ ಇವೆ. ಫ್ರಜೈಲ್ ಎಕ್ಸ್ ಅನ್ನುವ ರೋಗದ ಸಿಜಿಜಿ ಸಾಲಿನಲ್ಲಿ ಅಲ್ಲಲ್ಲಿ ಎಜಿಜಿ ಬರುತ್ತದೆ. ತಾಯಿಯಲ್ಲಿ ಆ ಎಜಿಜಿ ಇಲ್ಲದಿದ್ದರೆ ಮಗುವಿನಲ್ಲಿ ಸಾಲು ಉದ್ದವಾಗುವ ಅಪಾಯ ಜಾಸ್ತಿ. ಸೈನ್ಯ ಒಂದೇ ಹೆಜ್ಜೆ ಹಾಕುವಾಗ ನಡುವೆ ಒಬ್ಬ ತಪ್ಪು ಹೆಜ್ಜೆ ಹಾಕಿದ ಹಾಗೆ. ಇಲ್ಲಿ ಆ ತಪ್ಪು ಹೆಜ್ಜೆಯವನೇ ಉಪಕಾರಿ.

ಫ್ರಜೈಲ್ ಎಕ್ಸ್ ಹೆಸರು ಬಂತಲ್ಲ, ಈಗ ಆರ್‌ಎನ್‌ಎ ಕಡೆ, ಅಂದರೆ ಪ್ರೋಟೀನ್ ತಯಾರಿಸಲು ಕೋಶ ಜೀನ್ ಓದಿ ಬರೆದುಕೊಳ್ಳುವ ಪ್ರತಿಯ ಕಡೆ ಹೋಗೋಣ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಇದಕ್ಕಿಂತ ಚಂದದ ಒಗಟು ಇಲ್ಲ.

ಫ್ರಜೈಲ್ ಎಕ್ಸ್ ತರುವ ಎಫ್‌ಎಂಆರ್1 ಅನ್ನುವ ಜೀನಿನ ಶುರುವಿನಲ್ಲಿ, ಪ್ರೋಟೀನ್ ಬರೆಯುವ ಭಾಗಕ್ಕೂ ಮೊದಲು, ಸಿಜಿಜಿ ಸಾಲಿದೆ. 200 ದಾಟಿದರೆ ಕೋಶ ಆ ಜೀನಿಗೆ ಬೀಗ ಜಡಿಯುತ್ತದೆ. ಆರ್‌ಎನ್‌ಎ ಇಲ್ಲ, ಪ್ರೋಟೀನ್ ಇಲ್ಲ. ಮಕ್ಕಳ ಕಲಿಕೆ, ಬುದ್ಧಿ ಬೆಳವಣಿಗೆಗೆ ಪೆಟ್ಟು. ಇದು 1991ರಲ್ಲಿ ಗೊತ್ತಾಯಿತು. 55ರಿಂದ 200ರ ನಡುವೆ ಇದ್ದವರನ್ನು ಬರೀ ವಾಹಕರು ಅಂದರು, ಅವರಿಗೇನೂ ತೊಂದರೆ ಇಲ್ಲ ಅಂದರು. ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಮಾತ್ರ ಇನ್ನೊಂದು ಮಾತು ಹೇಳುತ್ತಿದ್ದರು: ನಮ್ಮ ಅಪ್ಪನಿಗೆ ಕೈ ನಡುಗುತ್ತೆ, ನಡೆಯುವಾಗ ವಾಲುತ್ತಾರೆ. ವೈದ್ಯೆ ರಾಂಡಿ ಹ್ಯಾಗರ್‌ಮನ್ ಆ ಮಾತಿಗೆ ಕಿವಿಗೊಟ್ಟರು. 2001ರಲ್ಲಿ ಅವರ ತಂಡ ಆ ಅಜ್ಜಂದಿರ ಕಾಯಿಲೆಯನ್ನು ವರದಿ ಮಾಡಿತು. ಐವತ್ತು ದಾಟಿದ ಮೇಲೆ ನಡುಕ, ಸಮತೋಲ ತಪ್ಪುವ ನಡಿಗೆ, ಮೆದುಳು ಸವೆಯುವುದು. ಅದರ ಹೆಸರು ಎಫ್‌ಎಕ್ಸ್‌ಟಿಎಎಸ್.

ಒಗಟು ಗೊತ್ತಾಯ್ತಾ? ಸಾಲು ತುಂಬಾ ಉದ್ದವಾದ ಮೊಮ್ಮಗನಿಗೆ ಈ ಸವೆತ ಬರುವುದಿಲ್ಲ. ಮಧ್ಯಮ ಉದ್ದದ ಅಜ್ಜನಿಗೆ ಬರುತ್ತದೆ. ಯಾಕಂದ್ರೆ ಮೊಮ್ಮಗನ ಜೀನ್ ಬಾಯಿ ಮುಚ್ಚಿದೆ. ಅಜ್ಜನ ಜೀನ್ ಮುಚ್ಚಿಲ್ಲ, ಉಳಿದವರಿಗಿಂತ ಜಾಸ್ತಿಯೇ ಮಾತಾಡುತ್ತಿದೆ, ಎರಡರಿಂದ ಎಂಟು ಪಟ್ಟು ಆರ್‌ಎನ್‌ಎ ತಯಾರಾಗುತ್ತಿದೆ. ಆ ಆರ್‌ಎನ್‌ಎಯಲ್ಲಿ ನೂರು ಸಿಜಿಜಿ ಗಟ್ಟಿ ಹೇರ್‌ಪಿನ್ ಆಗಿ ಮಡಚಿಕೊಂಡಿದೆ. ಅಜ್ಜನ ಪ್ರೋಟೀನಿನ ಅಕ್ಷರದಲ್ಲಿ ಒಂದೂ ತಪ್ಪಿಲ್ಲ. ತೊಂದರೆ ಮಡಿಕೆಯದು.

ಆರ್‌ಎನ್‌ಎ ಒಂಟಿ ಎಳೆ. ಅದಕ್ಕೆ ಎದುರಿನ ಎಳೆ ಕಾಯುವುದಿಲ್ಲ. ಹಾಗಾಗಿ ಡಿಎನ್‌ಎಗಿಂತ ಸಲೀಸಾಗಿ ತನ್ನೊಳಗೇ ಗಂಟು ಹಾಕಿಕೊಳ್ಳುತ್ತದೆ. ಹಾಗೆ ಗಂಟಾದ ಮೇಲೆ ಅದು ಮೂರು ಥರ ಕಾಟ ಕೊಡುತ್ತದೆ.

ಒಂದು, ಬೇಕಾದ ಪ್ರೋಟೀನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಯೋಟಾನಿಕ್ ಡಿಸ್ಟ್ರೋಫಿ ಇದಕ್ಕೆ ಪಾಠದಂಥ ಉದಾಹರಣೆ. ಅದು ನರ ಸವೆಯುವ ರೋಗ ಅಂತ ಪೂರ್ತಿ ಹೇಳಲಾಗದು, ಮುಖ್ಯವಾಗಿ ಸ್ನಾಯುವಿನದು, ಆದರೆ ಮೆದುಳನ್ನೂ ಬಿಡುವುದಿಲ್ಲ. ಅಲ್ಲಿನ ಆರ್‌ಎನ್‌ಎ ಹೇರ್‌ಪಿನ್‌ಗೆ ಮಸಲ್‌ಬ್ಲೈಂಡ್ ಅನ್ನುವ ಪ್ರೋಟೀನ್ ಅಂಟಿಕೊಂಡು ಕೂತುಬಿಡುತ್ತದೆ. ಬೇರೆ ಆರ್‌ಎನ್‌ಎಗಳನ್ನು ಕತ್ತರಿಸಿ ಜೋಡಿಸುವುದು ಅದರ ಕೆಲಸ. ಅದು ಇಲ್ಲಿ ಸಿಕ್ಕಿಕೊಂಡರೆ ಅಲ್ಲಿ ಜೋಡಣೆ ತಪ್ಪುತ್ತದೆ. ಸ್ನಾಯುವಿನ ಕ್ಲೋರೈಡ್ ದ್ವಾರ ಸರಿಯಾಗಿ ತಯಾರಾಗುವುದಿಲ್ಲ, ಹಿಡಿದ ಕೈ ಬಿಡಲು ಬರುವುದಿಲ್ಲ. ಕೈ ಕುಲುಕಿದವರು ಬಿಡಿಸಿಕೊಳ್ಳಲು ಒದ್ದಾಡುತ್ತಾರಲ್ಲ, ಅದರ ಹಿಂದೆ ಎಲ್ಲೋ ಒಂದು ಆರ್‌ಎನ್‌ಎ ಬಿಡಿಸಿಕೊಳ್ಳಲಾಗದೆ ಕೂತಿದೆ.

ಇನ್ನೊಂದು, ಇಂಥ ಆರ್‌ಎನ್‌ಎಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗುತ್ತವೆ. ಒಂದರ ಸಿ ಇನ್ನೊಂದರ ಜಿಗೆ, ಅದರ ಸಿ ಮತ್ತೊಂದರ ಜಿಗೆ. ಸಾಲು ಗಿಡ್ಡವಾಗಿದ್ದರೆ ದ್ರವವಾಗಿ ಹರಿಯುತ್ತದೆ. ಉದ್ದವಾದರೆ ಲೋಳೆಯಂತೆ ಗಟ್ಟಿಯಾಗುತ್ತದೆ. 2017ರಲ್ಲಿ ಅಂಕುರ್ ಜೈನ್ ಮತ್ತು ರೊನಾಲ್ಡ್ ವೇಲ್ ತೋರಿಸಿದ ಪ್ರಕಾರ ಈ ಗಟ್ಟಿಯಾಗುವ ಉದ್ದ ರೋಗ ಶುರುವಾಗುವ ಉದ್ದದ ಹತ್ತಿರಕ್ಕೇ ಬರುತ್ತದೆ.

ಮತ್ತೊಂದು ಕಾಟ ನಂಬಲು ಕಷ್ಟ. ಪ್ರೋಟೀನ್ ತಯಾರಿಸುವ ರೈಬೋಸೋಮ್ ಆರ್‌ಎನ್‌ಎ ಮೇಲೆ ಎಯುಜಿ (ಆರ್‌ಎನ್‌ಎಯಲ್ಲಿ ಟಿ ಬದಲು ಯು) ಅನ್ನುವ ಗುರುತು ನೋಡಿಯೇ ಕೆಲಸ ಶುರು ಮಾಡಬೇಕು ಅಂತ ನಾವೆಲ್ಲ ಓದಿದ್ದು. 2011ರಲ್ಲಿ ಲಾರಾ ರಾನಮ್ ಅವರ ತಂಡ ಆ ಗುರುತೇ ಇಲ್ಲದ ಸಿಎಜಿ ಸಾಲಿನಿಂದ ಪ್ರೋಟೀನ್ ಬರುವುದನ್ನು ಕಂಡಿತು. ಅದೂ ಒಂದಲ್ಲ. ಸಿಎಜಿ ಅಂತ ಓದಿ ಒಂದು, ಎಜಿಸಿ ಅಂತ ಓದಿ ಇನ್ನೊಂದು, ಜಿಸಿಎ ಅಂತ ಓದಿ ಮತ್ತೊಂದು. ಗಂಟಿನ ಬಳಿ ರೈಬೋಸೋಮ್ ತಡವರಿಸಿ ನಿಂತು, ನಿಂತಲ್ಲೇ ಶುರು ಹಚ್ಚಿಕೊಳ್ಳುತ್ತದೆ ಅನ್ನುವುದು ಈಗಿನ ಮುಖ್ಯ ವಿವರಣೆ. ಇದಕ್ಕೆ ರ‍್ಯಾನ್ ಅನುವಾದ ಅಂತ ಹೆಸರು.

ಈ ಮೂರೂ ಒಟ್ಟಿಗೆ ಕಾಣುವುದು ಸಿ9 ಅಂತ ಚಿಕ್ಕದಾಗಿ ಕರೆಯುವ ಜೀನಿನಲ್ಲಿ. ಕೈಕಾಲಿನ ಶಕ್ತಿ ಹೋಗುವ ಎಎಲ್‌ಎಸ್ ಮತ್ತು ನಡವಳಿಕೆ, ಮಾತು ಕೆಡುವ ಒಂದು ಬಗೆಯ ಮರೆವು ರೋಗ, ಎರಡಕ್ಕೂ ಇದು ಕಾರಣ. ಯುರೋಪಿನ ಮೂಲದ ಕುಟುಂಬಗಳಲ್ಲಿ ವಂಶದಲ್ಲಿ ಇಳಿದು ಬರುವ ಎಎಲ್‌ಎಸ್‌ನ ಮೂರನೇ ಒಂದು ಪಾಲು ಇದರದ್ದೇ. 9ನೇ ಕ್ರೋಮೋಸೋಮಿನ ಆ ಮೂಲೆಯಲ್ಲಿ ಏನೋ ಇದೆ ಅಂತ 2006ರ ಹೊತ್ತಿಗೇ ಗೊತ್ತಿತ್ತು. ಸಿಕ್ಕಿದ್ದು 2011ರಲ್ಲಿ, ಎರಡು ತಂಡಗಳಿಗೆ ಒಟ್ಟೊಟ್ಟಿಗೆ. ಅಷ್ಟು ವರ್ಷ ಯಾಕೆ ಬೇಕಾಯಿತು ಅಂದರೆ, ಡಿಎನ್‌ಎ ಓದಲು ನಾವು ಬಳಸುವ ಎಂಜೈಮ್ ಕೂಡ ಆ ಗಂಟಿನ ಬಳಿ ಎಡವುತ್ತಿತ್ತು. ರೋಗ ತರುವ ಆಕಾರವೇ ರೋಗವನ್ನು ನಮ್ಮಿಂದ ಮರೆಮಾಡಿತ್ತು.

ಅಲ್ಲಿನ ತುಣುಕು ನಾಲ್ಕು ಜಿ, ಎರಡು ಸಿ. ಹೆಚ್ಚಿನವರಲ್ಲಿ ಹತ್ತಕ್ಕಿಂತ ಕಡಿಮೆ, ರೋಗಿಗಳಲ್ಲಿ ನೂರಾರು, ಸಾವಿರಾರು. ಇದು ಬರೀ ಹೇರ್‌ಪಿನ್‌ಗೆ ನಿಲ್ಲುವುದಿಲ್ಲ. ಜಿ ಅಕ್ಷರಕ್ಕೆ ಒಂದು ಚಾಳಿ ಇದೆ. ನಾಲ್ಕು ಜಿ ಸೇರಿದರೆ ಚೌಕಾಬಾರದ ಮನೆಯ ಹಾಗೆ ಚೌಕವಾಗಿ ಕೂರುತ್ತವೆ, ಪ್ರತಿಯೊಂದೂ ಪಕ್ಕದ್ದರ ಕೈ ಹಿಡಿದು. ಒಂದು ಚೌಕದ ಮೇಲೆ ಇನ್ನೊಂದು ಚೌಕ ಅಟ್ಟವಾಗಿ ಏರುತ್ತದೆ, ನಡುವಿನ ಕೊಳವೆಯಲ್ಲಿ ಪೊಟ್ಯಾಸಿಯಂ ಅಯಾನು ಕೂತು ಎಲ್ಲವನ್ನೂ ಬಿಗಿಯುತ್ತದೆ. ಇದರ ಹೆಸರು ಜಿ-ಕ್ವಾಡ್ರುಪ್ಲೆಕ್ಸ್. 1910ರಲ್ಲೇ ಐವರ್ ಬ್ಯಾಂಗ್ ಅನ್ನುವ ರಸಾಯನಶಾಸ್ತ್ರಜ್ಞ ಜಿ ತುಂಬಿದ ದ್ರಾವಣ ಲೋಳೆಯಾಗುವುದನ್ನು ಕಂಡಿದ್ದ. ಯಾಕೆ ಅಂತ ಗೊತ್ತಾಗಿದ್ದು 1962ರಲ್ಲಿ. ನಮ್ಮ ಕೋಶದಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಹಾಗಾಗಿ ಈ ಅಟ್ಟ ಏರುವುದು ಕಷ್ಟವಲ್ಲ.

ಇಲ್ಲಿ ನನ್ನ ಮಾತಿಗೇ ಎದುರಾದ ಒಂದು ಪ್ರಯೋಗ ಹೇಳದಿದ್ದರೆ ಮೋಸವಾಗುತ್ತದೆ. 2014ರಲ್ಲಿ ಹಣ್ಣಿನ ನೊಣಗಳಲ್ಲಿ ಎರಡು ಬಗೆಯ ಸಿ9 ಸಾಲು ಇಟ್ಟು ನೋಡಿದರು. ಒಂದು ಮಾಮೂಲಿಯದು. ಇನ್ನೊಂದರಲ್ಲಿ ನಡುನಡುವೆ ಪೂರ್ಣವಿರಾಮದ ಗುರುತು ಹಾಕಿ, ಆರ್‌ಎನ್‌ಎ ಆಗುತ್ತದೆ ಆದರೆ ಅದರಿಂದ ಪ್ರೋಟೀನ್ ಆಗುವುದಿಲ್ಲ ಹಾಗೆ ಮಾಡಿದರು. ಮೊದಲನೆಯದರ ನೊಣಗಳ ಕಣ್ಣು ಹಾಳಾಯಿತು, ಆಯಸ್ಸು ಕುಗ್ಗಿತು. ಎರಡನೆಯವು ಆರಾಮಾಗಿದ್ದವು. ಅಂದರೆ ಕನಿಷ್ಠ ನೊಣದಲ್ಲಿ ಗಂಟು ತಾನೇ ಕೊಲ್ಲಲಿಲ್ಲ. ಕೊಂದದ್ದು ಅದರಿಂದ ಹುಟ್ಟಿದ ಅಡ್ಡಾದಿಡ್ಡಿ ಪ್ರೋಟೀನ್‌ಗಳು. ಸಿ9ನ ಎರಡೂ ದಿಕ್ಕಿನ ಓದಿನಿಂದ ಅಂಥವು ಐದು ಬಗೆ ಬರುತ್ತವೆ, ಅವುಗಳಲ್ಲಿ ಆರ್ಜಿನಿನ್ ಅನ್ನುವ ಅಮೈನೋ ಆಮ್ಲ ಇರುವ ಎರಡು ತುಂಬಾ ಕೆಟ್ಟವು. ಹಾಗಾಗಿ ಆಕಾರ ಅಂದಾಗ ಅದೇ ಕೊಲೆಗಾರ ಅಂತ ತಿಳಿಯಬೇಡಿ. ಹಲವು ಸಲ ಅದು ಬಾಗಿಲು ತೆರೆದುಕೊಟ್ಟವನು.

ಎಲ್ಲ ಗಂಟೂ ಜೀನನ್ನು ಜಾಸ್ತಿ ಮಾತಾಡಿಸುವುದಿಲ್ಲ. ಫ್ರೀಡ್ರೈಖ್ ಅಟಾಕ್ಸಿಯಾ ಅನ್ನುವ, ನಡಿಗೆ ಕೆಡಿಸುವ ರೋಗದಲ್ಲಿ ತದ್ವಿರುದ್ಧ. 1996ರಲ್ಲಿ ಸಿಕ್ಕ ಅದರ ಜಿಎಎ ಸಾಲು ಮೂರೆಳೆಯ ಜಡೆ ಹೆಣೆದುಕೊಳ್ಳುತ್ತದೆ, ನಾಲ್ಕನೇ ತುಂಡು ಒಂಟಿಯಾಗಿ ನೇತಾಡುತ್ತದೆ. ಓದಿದ ಆರ್‌ಎನ್‌ಎ ಕೂಡ ಡಿಎನ್‌ಎಗೇ ಅಂಟಿಕೊಂಡು ಉಳಿದುಬಿಡುತ್ತದೆ, ಅದಕ್ಕೆ ಆರ್-ಲೂಪ್ ಅನ್ನುತ್ತಾರೆ. ಓದುವ ಯಂತ್ರ ನಿಂತುಹೋಗುತ್ತದೆ. ಫ್ರಟಾಕ್ಸಿನ್ ಅನ್ನುವ ಪ್ರೋಟೀನ್ ಕಡಿಮೆಯಾಗುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಕಬ್ಬಿಣದ ಲೆಕ್ಕ ತಪ್ಪುತ್ತದೆ, ನಡಿಗೆ ತಪ್ಪುತ್ತದೆ. ಇದು ಬಹುಪಾಲು ಅಪ್ಪ-ಅಮ್ಮ ಇಬ್ಬರಿಂದಲೂ ಉದ್ದ ಸಾಲು ಬಂದಾಗ ಬರುವ ರೋಗ.

ಒಂದು ಎಚ್ಚರಿಕೆ. ಪರೀಕ್ಷಾ ನಳಿಕೆಯಲ್ಲಿ ಮಡಚಿಕೊಂಡದ್ದೆಲ್ಲ ಬದುಕಿರುವ ಕೋಶದಲ್ಲೂ ಹಾಗೇ ಇರುತ್ತದೆ ಅನ್ನಲಾಗದು. ಕೋಶದಲ್ಲಿ ಗಂಟು ಬಿಚ್ಚುವ ಹೆಲಿಕೇಸ್ ಎಂಜೈಮ್‌ಗಳು ಸದಾ ಓಡಾಡುತ್ತಿರುತ್ತವೆ. 2013ರಲ್ಲಿ ಮನುಷ್ಯ ಕೋಶದಲ್ಲಿ ಜಿ-ಕ್ವಾಡ್ರುಪ್ಲೆಕ್ಸ್ ಹೊಳೆಯುವುದನ್ನು ಆಂಟಿಬಾಡಿ ಹಚ್ಚಿ ತೋರಿಸಿದರು. ಆದರೆ ಆಂಟಿಬಾಡಿ ಹಿಡಿದದ್ದರಿಂದಲೇ ಗಂಟು ಉಳಿಯಿತೋ, ಇದ್ದ ಗಂಟನ್ನೇ ಅದು ಹಿಡಿಯಿತೋ ಅನ್ನುವ ತಕರಾರು ಇನ್ನೂ ಇದೆ. ಚಂದದ ಚಿತ್ರ ಕಂಡ ಕೂಡಲೇ ನಂಬಿಬಿಡುವ ಅಭ್ಯಾಸ ನನಗೂ ಇತ್ತು.

ಕೊನೆಗೆ ಎಲ್ಲರೂ ಕೇಳಿದ್ದು ಔಷಧಿಯ ಬಗ್ಗೆ. ಕೆಟ್ಟ ಆರ್‌ಎನ್‌ಎಯನ್ನೇ ಕಡಿಮೆ ಮಾಡುವ ಎರಡು ದೊಡ್ಡ ಪ್ರಯತ್ನ ಸೋತಿವೆ. ಹಂಟಿಂಗ್ಟನ್‌ಗೆ ಮಾಡಿದ್ದನ್ನು 2021ರಲ್ಲಿ, ಸಿ9ಗೆ ಮಾಡಿದ್ದನ್ನು 2022ರಲ್ಲಿ ನಿಲ್ಲಿಸಿದರು. ಈಗ ಹಲವರ ಕಣ್ಣು ಎಂಎಸ್‌ಎಚ್3 ಮೇಲಿದೆ. ಆ ಗಸ್ತಿನವನನ್ನು ಸ್ವಲ್ಪ ತಗ್ಗಿಸಿದರೆ ಸಾಲು ಬೆಳೆಯುವುದು ನಿಧಾನವಾಗಬಹುದು. ಅವನ ಜೊತೆಗಾರ ಎಂಎಸ್‌ಎಚ್2 ಅನ್ನು ಮುಟ್ಟುವ ಹಾಗಿಲ್ಲ, ಅದು ಕೆಟ್ಟವರಿಗೆ ಕರುಳಿನ ಕ್ಯಾನ್ಸರ್ ಅಪಾಯ ಜಾಸ್ತಿ. ಎಂಎಸ್‌ಎಚ್3 ಅಷ್ಟು ಕಟ್ಟುನಿಟ್ಟಲ್ಲ, ಆದರೂ ಎರಡೂ ಪ್ರತಿ ಕೆಟ್ಟು ಹುಟ್ಟಿದವರಲ್ಲಿ ಕರುಳಿನೊಳಗೆ ಪಾಲಿಪ್ ಅನ್ನುವ ಸಣ್ಣ ಗಡ್ಡೆಗಳು ಕಂಡಿವೆ. ಎಷ್ಟು ತಗ್ಗಿಸಬೇಕು ಅನ್ನುವುದೇ ಪ್ರಶ್ನೆ.

ನೇರವಾಗಿ ಕುಣಿಕೆಗೇ ಕೈ ಹಾಕಿದವರೂ ಇದ್ದಾರೆ. 2020ರಲ್ಲಿ ಜಪಾನ್ ಮತ್ತು ಕೆನಡಾದ ವಿಜ್ಞಾನಿಗಳು ಸಿಎಜಿ ಹೇರ್‌ಪಿನ್‌ನಲ್ಲಿ ಜೋಲಾಡುವ ಆ ಎ-ಎ ಜಾಗಕ್ಕೆ ಸರಿಯಾಗಿ ಕೂರುವ ಒಂದು ಪುಟ್ಟ ಅಣು ಬಳಸಿದರು. ಇಲಿಗಳ ಮೆದುಳಿನಲ್ಲಿ ಸಾಲು ಬೆಳೆಯುವುದು ನಿಂತಿತು. ಅಷ್ಟೇ ಅಲ್ಲ, ಗಿಡ್ಡವೂ ಆಯಿತು.

"ಆ ಅಣು ಒಳ್ಳೇ ಸಿಎಜಿ ಸಾಲುಗಳನ್ನೂ ಕತ್ತರಿಸಿಬಿಡಲ್ವಾ?" ಅಂತ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಹಂಟಿಂಗ್ಟನ್ ಇರುವವರಲ್ಲೂ ಆ ಜೀನಿನ ಇನ್ನೊಂದು ಪ್ರತಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ, ಅದರಲ್ಲಿ ಹದಿನೇಳೋ ಹದಿನೆಂಟೋ ಸಿಎಜಿ. ಅಷ್ಟು ಗಿಡ್ಡ ಸಾಲು ಮಡಚಿಕೊಳ್ಳುವುದು ಅಪರೂಪ. ಮಡಚದಿದ್ದರೆ ಆ ಅಣುವಿಗೆ ಹಿಡಿಯಲು ಜಾಗವೇ ಇಲ್ಲ. ಹಾಗಾಗಿ ಅವಳ ಭಯಕ್ಕಿಂತ ನನ್ನ ಭಯ ಬೇರೆ. ಇಲಿಯ ಸ್ಟ್ರಯೇಟಮ್‌ಗೆ ಸೂಜಿಯಿಂದ ನೇರವಾಗಿ ಕೊಟ್ಟ ಅಣು ಅದು. ಇಲಿಯ ಮೆದುಳು ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ನಮ್ಮದು ಸುಮಾರು 1,300 ಗ್ರಾಂ.